ಲೆಪ್ಟಿನ್ ಅನ್ನೋ ತಂಗಿ

...ನಗಬೇಡ ಕಣೇ ಪುಟ್ಟಿ! ಮಾಸ್ಕ್ ಒಳಗೆ ನಕ್ಕರೆ ಔಷಧಿ ಹೊಗೆಯೆಲ್ಲ ಕೆನ್ನೆ ಪಕ್ಕದಿಂದ ಸೋರಿಹೋಗುತ್ತೆ. ಎಳಕೋ... ನಿಧಾನವಾಗಿ ಎಳಕೋ... ಹಾಂ. ಎದೆಯೊಳಗಿನ ಸೀಟಿ ಈಗ ಸ್ವಲ್ಪ ಕಮ್ಮಿಯಾಯ್ತು. ಬೆಳಿಗ್ಗೆ ಏನು ಸೀಟಿ ಅದು! ಸೆಮರಾಂಗ್ ಸ್ಟೇಷನ್ನಿನ ರೈಲು ಕೇಳಿಸ್ಕೊಂಡಿದ್ರೆ ಹಳಿ ಬಿಟ್ಟು ನಮ್ಮ ಓಣಿಗೇ ಬಂದುಬಿಡ್ತಿತ್ತು.

ಮತ್ತೆ ನಗ್ತಾಳೆ! ವೆನಿಂಗ್, ನಾನು ನಿನ್ನ ಅಜ್ಜಿ ಕಣೇ, ಕೋಡಂಗಿಯಲ್ಲ.

ಏನು, ಆ ನರ್ಸ್ ನಕ್ಕಿದ್ದು ನೆನಪಾಯ್ತಾ? ನಗಲಿ ಬಿಡು. ಡಾಕ್ಟರಮ್ಮ ಬಂದು ಗಂಭೀರವಾಗಿ "ಲೆಪ್ಟಿನ್ ಜಾಸ್ತಿಯಾಗಿದೆ" ಅಂದ್ರು. ನಾನು "ಯಾರು ಅವಳು, ಯಾವ ಓಣಿಯೋಳು?" ಅಂದೆ. ನನ್ನದೇನೇ ತಪ್ಪು? ನಾನು ಸುಮಾರ್ತಿನ್. ನನ್ನ ತಂಗಿ ಪಾರ್ತಿನ್. ಅವಳ ಬೆನ್ನಿಗೆ ಹುಟ್ಟಿದೋಳು ಕಾರ್ತಿನ್. ಲೆಪ್ಟಿನ್ ಅಂದ್ರೆ ನಮ್ಮವ್ವ ನಮಗೆ ಹೇಳದೆ ಇನ್ನೊಬ್ಬಳನ್ನ ಹೆತ್ತುಬಿಟ್ಟಿದ್ಲೇನೋ ಅಂದ್ಕೊಂಡೆ!

ಎಳಕೋ. ಕೆಮ್ಮಬೇಡ.

ಅದೇನೋ ಹಾರ್ಮೋನಂತೆ. ನಿನ್ನ ಹೊಟ್ಟೆ ಮೇಲಿನ ಕೊಬ್ಬು ಸುಮ್ಮನೆ ಬಿದ್ಕೊಂಡಿರಲ್ವಂತೆ, ಈ ಲೆಪ್ಟಿನ್‌ನ ಹೆತ್ತು ರಕ್ತದೊಳಗೆ ಬಿಡುತ್ತಂತೆ. ಅವಳು ಹೋಗಿ ಶ್ವಾಸನಾಳಕ್ಕೆ ಚಾಡಿ ಹೇಳ್ತಾಳೆ. ಅದು ಸಿಟ್ಟಲ್ಲಿ ಊದಿಕೊಂಡು ಬಾಗಿಲು ಹಾಕ್ಕೊಳ್ಳುತ್ತೆ. ಜಗಳ ಬಿಡಿಸೋಕೆ ಇನ್ನೊಬ್ಬಳಿದಾಳಂತೆ... ಅವಳ ಹೆಸರು ಮಾತ್ರ ಗೂಡ್ಸ್ ಗಾಡಿಯಷ್ಟು ಉದ್ದ, ನನ್ನ ನಾಲಿಗೆಗೆ ಹತ್ತಲ್ಲ. ಒಳ್ಳೆಯೋಳು. ಆದ್ರೆ ಕೊಬ್ಬು ಹೆಚ್ಚಿದಷ್ಟೂ ಅವಳು ಮನೆ ಖಾಲಿ ಮಾಡ್ತಾಳಂತೆ. ನಿಮ್ಮಮ್ಮ ಮನೇಲಿ ಜಾಸ್ತಿ ಮಾತಾಡಿದಾಗ ನಿಮ್ಮಪ್ಪ ಎದ್ದು ಹೋಗ್ತಾನಲ್ಲ, ಹಾಗೆ!

ಶ್... ಅಮ್ಮಂಗೆ ಹೇಳ್ಬೇಡ. ಮೊದಲೇ ಅವಳಿಗೆ ನನ್ನ ಕಂಡ್ರಾಗಲ್ಲ. "ಇನ್ನೊಂದ್ಸಲ ಕಣ್ಣಿಗೆ ಬೀಳಲಿ, ಅತ್ತೆ, ಅವತ್ತೇ ನಿಮ್ಮೂರು ವೊನೋಗಿರಿಗೆ ಬಸ್ಸು ಹತ್ತಿಸ್ತೀನಿ" ಅಂದಿದಾಳೆ. ಏನು ಕಣ್ಣಿಗೆ ಬೀಳೋದು? ...ಅದೆಲ್ಲ ದೊಡ್ಡೋರ ಮಾತು, ನಿನಗ್ಯಾಕೆ!

ಡಾಕ್ಟರಮ್ಮ ಕೇಳಿದ್ರಲ್ಲ, "ಇವಳು ಏನು ತಿಂತಾಳೆ, ಏನು ಕುಡೀತಾಳೆ? ಸರಿಯಾಗಿ ಹೇಳಿ, ಇಲ್ಲಾಂದ್ರೆ ಇನ್ನೂ ಜೋರು ಔಷಧಿ ಶುರು ಮಾಡ್ಬೇಕಾಗುತ್ತೆ" ಅಂತ. ಹೇಳಿದ್ನಲ್ಲ! ಅನ್ನ, ಸೋಯಾಕಾಳಿನ ಟೆಂಪೆ, ಸೊಪ್ಪಿನ ಸಾರು. ಅಮ್ಮ ಫ್ಯಾಕ್ಟರಿಗೆ ಹೋದ್ಮೇಲೆ ಒಂದು ಲೋಟ ಹಾಲು, ಮಲಗೋ ಮುಂಚೆ ಒಂದು ಲೋಟ ಹಾಲು. "ಹಾಲು ಒಳ್ಳೇದು ಅಜ್ಜಿ" ಅಂತ ಅವರೇ ಅಂದ್ರು. ಸುಳ್ಳು ಹೇಳಿದ್ನಾ ನಾನು?

ಯಾಕೆ ನನ್ನ ಚೀಲ ನೋಡ್ತೀಯ? ಅದೆಲ್ಲಿ ಟಣ್ ಅಂತು? ಎಲೆಯಡಿಕೆ ಡಬ್ಬಿ ಕಣೇ ಅದು! ಆ ಕಡೆ ತಿರುಗು.

ನಿನಗೇನು ಗೊತ್ತು... ನಿಮ್ಮಪ್ಪ ಚಿಕ್ಕೋನಿದ್ದಾಗ ಪಕ್ಕೆಲುಬು ದೂರದಿಂದಲೇ ಕಾಣೋವು. ಗಂಜಿ ತಿಳೀನೇ ಹಾಲು ಅಂತ ಕುಡಿಸಿದೀನಿ ಅವನಿಗೆ. ನೀನು ಹುಟ್ಟಿ ಕೆನ್ನೆ ತುಂಬ್ಕೊಂಡಾಗ ಓಣಿಯೋರೆಲ್ಲ ಬಂದು ಬಂದು ಚಿವುಟೋರು. "ಸುಮಾರ್ತಿನ್ ಮೊಮ್ಮಗಳು ನೋಡ್ರೇ, ಎಷ್ಟು ಚೆನ್ನಾಗಿ ಸಾಕಿದಾಳೆ" ಅನ್ನೋರು. ನನಗೆ ಎಷ್ಟು ಖುಷಿಯಾಗ್ತಿತ್ತು ಗೊತ್ತಾ? ಜನ್ಮದಲ್ಲಿ ಯಾರೂ ನನ್ನನ್ನ ಹಾಗೆ ಹೊಗಳಿರಲಿಲ್ಲ ಕಣೇ.

ಬಂದ್ರು ನೋಡು. ...ಬನ್ನಿ ಡಾಕ್ಟರಮ್ಮ, ಮುಗೀತು ಹೊಗೆ. ಮಾಸ್ಕ್ ತೆಗೀತೀರಾ? ಅವಳನ್ನೇ ಕೇಳ್ತೀರಾ? ಕೇಳಿ ಕೇಳಿ, ನನ್ನ ಮಾತಿನ ಮೇಲೆ ನಂಬಿಕೆ ಇಲ್ವಲ್ಲ!

ಹೇಳು ಪುಟ್ಟಿ. ಯಾವ ಹಾಲು ಕುಡೀತೀಯ ಅಂತ ಕೇಳ್ತಿದಾರೆ.

...ಹೇಳೇ. ಈಗ ಬಾಯಿಗೇನೂ ಕಟ್ಟಿಲ್ವಲ್ಲ. ಬೇರೆ ದಿನ ವಟವಟ ಅಂತೀಯ... ನನ್ನ ಮುಖ ಯಾಕೆ ನೋಡ್ತೀಯ? ಡಾಕ್ಟರಮ್ಮನ್ನ ನೋಡು. ತುಟಿ ಯಾಕೆ ಕಚ್ಕೊಂಡಿದೀಯ?

ಪುಟ್ಟಿ...

ಅಯ್ಯೋ ಕೂಸೇ. ನಾನು ಬಸ್ಸು ಹತ್ತಬಾರದು ಅಂತಾನಾ? ಉಸಿರು ಸಿಕ್ಕದೆ ಒದ್ದಾಡ್ತಾ ಇದ್ರೂ... ಅದಕ್ಕಾ ಬಾಯಿ ಬಿಡ್ತಿಲ್ಲ ನೀನು?

ಡಾಕ್ಟರಮ್ಮ, ಅವಳನ್ನ ಕೇಳಬೇಡಿ. ತಗೊಳ್ಳಿ ಈ ಚೀಲ. ಎಲೆಯಡಿಕೆ ಡಬ್ಬಿಯಲ್ಲ ಅದು. ಹೂಂ... ಸಕ್ಕರೆ ಪಾಕದ ಡಬ್ಬಿಹಾಲು. ಬಿಸಿನೀರಿಗೆ ಕಲಸಿ ಕೊಡ್ತೀನಿ. ನಮ್ಮ ಓಣೀಲಿ ಅದಕ್ಕೂ ಹಾಲು ಅಂತಾನೇ ಅನ್ನೋದು, ಅಂಗಡಿಯೋನೂ ಹಾಗೇ ಅಂತಾನೆ... ಇಲ್ಲ, ಇಲ್ಲ. ಗೊತ್ತಿತ್ತು ನನಗೆ. ಸೊಸೆ ಒಂದು ಡಬ್ಬಿ ತಿಪ್ಪೆಗೆ ಎಸೆದಿದ್ಲು. ನಾನು ಇನ್ನೊಂದು ತಂದು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ, ಇವತ್ತು ಅವಳ ಕಣ್ಣಿಗೆ ಬೀಳದ ಹಾಗೆ ಚೀಲಕ್ಕೆ ಹಾಕ್ಕೊಂಡು ಬಂದೆ. ಔಷಧಿ ಜೋರು ಮಾಡಬೇಡಿ. ಸೊಸೆಗೆ ನಾನೇ ಹೇಳ್ತೀನಿ.

ಲೆಪ್ಟಿನ್ ಯಾವ ಓಣಿಯೋಳು ಅಂತ ಕೇಳಿದ್ನಲ್ಲ... ನಮ್ಮನೆಯೋಳೇ ಕಣ್ರೀ. ದಿನಾ ಲೋಟ ತುಂಬಿಸಿ ಸಾಕಿದ ಅಕ್ಕ ನಾನೇ.

...ಪುಟ್ಟಿ, ಹೇಳಾಯ್ತಲ್ಲ. ಈಗಾದ್ರೂ ನಗೇ.