ಹದಿನೆಂಟು ಸುತ್ತಿನ ವಾಲ್ವು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ನೀರು ಸರಬರಾಜು ಇಲಾಖೆಯ ಮುಖ್ಯ ಎಂಜಿನಿಯರ್ ಸಾಹೇಬರೇ, ನನ್ನ ಸಹೋದ್ಯೋಗಿಗಳೇ, ಕುರ್ಚಿ ಸಿಕ್ಕಿರುವ ಮತ್ತು ಸಿಗದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ನಾಲ್ಕು ವರ್ಷ ಈ ಊರಿಗೆ ನೀರು ಬಿಟ್ಟವನು ನಾನು. ಗಡಿಯಾರ ನೋಡಿ ಬಿಡುವುದನ್ನೂ ಗಡಿಯಾರ ನೋಡಿ ನಿಲ್ಲಿಸುವುದನ್ನೂ ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಇವತ್ತು ಒಂದೆರಡು ನಿಮಿಷ ಹೆಚ್ಚಾದೀತು. ಬೈಯುವುದಾದರೆ ಧಾರಾಳವಾಗಿ ಬೈಯಿರಿ. ನೀರು ಬಿಡುವವನಿಗೆ ದಿನಕ್ಕೆ ನಾಲ್ಕು ಬೈಗುಳ ಬೀಳದಿದ್ದರೆ ಉಂಡದ್ದು ಅರಗುವುದಿಲ್ಲ.

ಈಗಷ್ಟೇ ನನ್ನ ಸನ್ಮಾನ ಪತ್ರ ಓದಿದರು. ಏನೆಂದು ಓದಿದರು? “ಭೂಕಂಪವಾದ ಇಪ್ಪತ್ತೊಂದೇ ದಿನದಲ್ಲಿ ಇಡೀ ಊರಿಗೆ ಮತ್ತೆ ನೀರು ಹರಿಸಿದ ಆಪದ್ಬಾಂಧವ” ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನಗೆ ಮೈಯೆಲ್ಲ ಉರಿಯಿತು. ಇಡೀ ಊರಿಗೇ? ಹಾಗಾದರೆ ಗುಡ್ಡದ ಮೇಲಿನ ಇಟ್ಟಿಗೆ ಭಟ್ಟಿಯವರ ಕೇರಿ ಯಾವ ಊರಿನದು ಸ್ವಾಮಿ? ಅಲ್ಲಿ ನೂರ ಹನ್ನೆರಡು ಮನೆಗಳಿವೆ. ಬಿದ್ದುಹೋದ ನಿಮ್ಮ ಮನೆಗಳನ್ನು ಮತ್ತೆ ಎಬ್ಬಿಸಿದ್ದು ಅವರು ಸುಟ್ಟ ಇಟ್ಟಿಗೆ. ಈ ಸಭಾಂಗಣದ ಗೋಡೆಯೂ ಅವರದೇ ಇಟ್ಟಿಗೆ. ಅಲ್ಲಿಯ ಹಳ್ಳದ ಕೆಸರು ನೀರು ಮಣ್ಣು ಕಲಸುವುದಕ್ಕಾಗುತ್ತದೆ, ಮಕ್ಕಳಿಗೆ ಕುಡಿಸುವುದಕ್ಕಾಗುವುದಿಲ್ಲ. ನಿನ್ನೆಯವರೆಗೆ ಒಂದು ವರ್ಷ ಅವರ ನಲ್ಲಿಗಳಲ್ಲಿ ಒಂದು ತೊಟ್ಟು ನೀರು ಬರಲಿಲ್ಲ.

ಯಾಕೆ ಬರಲಿಲ್ಲ? ನಾನು ನಿಲ್ಲಿಸಿದ್ದೆ, ಅದಕ್ಕೆ.

ಭೂಕಂಪವಾಗಿ ಹತ್ತೊಂಬತ್ತನೆಯ ದಿನ. ಸಾಹೇಬರ ಜೀಪು ನನ್ನ ಪಕ್ಕದಲ್ಲೇ ಬಂದು ನಿಂತಿತು. “ಮೇಲಿನ ಕೇರಿ ಪೈಪೆಲ್ಲ ಒಡೆದು ನೀರು ಪೋಲಾಗ್ತಿದೆ, ಕೆಳಗೆ ಪ್ರೆಶರ್ರೇ ಇಲ್ಲ. ಆ ವಾಲ್ವ್ ಮುಚ್ಚಿಬಿಡಪ್ಪಾ, ಎರಡೇ ದಿನ” ಎಂದರು. “ಸಾರ್, ಆರ್ಡರು?” ಎಂದೆ. “ಊರೇ ಬಿದ್ದುಹೋಗಿದೆ, ನಿನಗೆ ಆರ್ಡರಿನ ಚಿಂತೆನಾ?” ಎಂದರು. ನನಗೂ ಆ ಮಾತು ಸರಿ ಎನ್ನಿಸಿತು. ಪ್ರತಿ ವಾಲ್ವಿಗೂ ಅದರದೇ ಸುತ್ತಿನ ಲೆಕ್ಕವಿರುತ್ತದೆ. ಆಸ್ಪತ್ರೆಯದು ಇಪ್ಪತ್ನಾಲ್ಕು, ಪೇಟೆಯದು ನಲವತ್ತು, ಗುಡ್ಡದ ಕೇರಿಯದು ಹದಿನೆಂಟು. ಹದಿನೆಂಟು ಸುತ್ತು ತಿರುಗಿಸಿದೆ. ಎರಡು ದಿನದಲ್ಲಿ ನಿಮ್ಮ ಮೂರನೆಯ ಮಹಡಿಯ ಟ್ಯಾಂಕು ತುಂಬಿತು, ಪೇಪರಿನಲ್ಲಿ ನನ್ನ ಫೋಟೋ ಬಂತು.

ಎರಡು ದಿನ ಎರಡು ತಿಂಗಳಾಯಿತು. ಕೇರಿಯ ಪೈಪು ರಿಪೇರಿಗೆ ಒಬ್ಬನೇ ಒಬ್ಬ ಹೋಗಲಿಲ್ಲ. ಆಗ ನಾನು ಪ್ರತಿ ಭಾನುವಾರ ಹತ್ತಿ ಹೋಗತೊಡಗಿದೆ. ಸಹಾಯಕ್ಕೆ ಎಂದು ಹೇಳಿಕೊಂಡೆ. ನಿಜವೆಂದರೆ ಮನಸ್ಸು ಚುಚ್ಚುತ್ತಿತ್ತು. ಹೆಂಗಸರು ಪೈಪು ಹೂಳಲು ಕಾಲುವೆ ಅಗೆದರು. ಭಟ್ಟಿಗೆ ಬೆಂಕಿ ಹಾಕುವ ಮುದುಕ ಪೈಪು ಕೊಯ್ಯುವುದನ್ನು ಕಲಿತ. ಅರವತ್ತಮೂರು ಜಾಯಿಂಟುಗಳನ್ನು ಅವರೇ ಹಾಕಿದರು. ಪರೀಕ್ಷೆಗೆ ನೀರೆಲ್ಲಿದೆ? ಹಳ್ಳದಿಂದ ಕೊಡದಲ್ಲಿ ಹೊತ್ತು ತಂದು ಪೈಪಿಗೆ ಸುರಿದರು. ಒಂದು ಹನಿ ಸೋರಲಿಲ್ಲ. ನಮ್ಮ ಇಲಾಖೆ ಹಾಕಿದ ಪೈಪು ಹಾಗೆ ನಿಂತದ್ದನ್ನು ನಾನಂತೂ ಕಂಡಿಲ್ಲ.

ಇನ್ನು ವಾಲ್ವು ತೆರೆಯುವುದೊಂದೇ ಬಾಕಿ. ಕೇರಿಯವರು ಅರ್ಜಿ ಕೊಟ್ಟರು. ಉತ್ತರ ಏನು ಬಂತು ಗೊತ್ತೇ? “ದಾಖಲೆಯ ಪ್ರಕಾರ ಸದರಿ ವಾಲ್ವು ತೆರೆದೇ ಇದೆ. ಆದ್ದರಿಂದ ತೆರೆಯುವ ಪ್ರಶ್ನೆ ಉದ್ಭವಿಸುವುದಿಲ್ಲ.” ನಗಬೇಡಿ, ದಯವಿಟ್ಟು ನಗಬೇಡಿ. ಮುಚ್ಚಿದ್ದಕ್ಕೆ ಕಾಗದವಿಲ್ಲ, ಹಾಗಾಗಿ ತೆರೆಯುವುದಕ್ಕೂ ಕಾಗದವಿಲ್ಲ. ಒಳಗಿನ ಮಾತು ಬೇರೆಯೇ ಇದೆ. ಎರಡು ಪಂಪುಗಳಲ್ಲಿ ಒಂದು ಇನ್ನೂ ಕೆಟ್ಟು ಕೂತಿದೆ. ಮೇಲಿನವರಿಗೆ ಕೊಟ್ಟರೆ ಕೆಳಗೆ ಮೂರು ಗಂಟೆ ಬರುವ ನೀರು ಎರಡು ಗಂಟೆಗೆ ಇಳಿಯುತ್ತದೆ. ಅಷ್ಟೇ! ಒಂದು ಗಂಟೆಗಾಗಿ ನೂರ ಹನ್ನೆರಡು ಮನೆಗಳನ್ನು ಒಣಗಿಸಿದೆವು.

ವಾಲ್ವಿನ ಚಾವಿ ನಿನ್ನ ಕೈಯಲ್ಲೇ ಇತ್ತಲ್ಲ, ನೀನೇನು ಮಾಡುತ್ತಿದ್ದೆ ಎಂದು ಕೇಳಿ. ಕೇಳಬೇಕು. “ಆರ್ಡರ್ ಇಲ್ಲದೆ ಒಂದು ಸುತ್ತು ತಿರುಗಿಸಿದವನಲ್ಲ ನಾನು” ಎಂದು ಎದೆಯುಬ್ಬಿಸಿ ಹೇಳುತ್ತಾ ತಿರುಗುತ್ತಿದ್ದೆ. ಮುಚ್ಚಿದಾಗ ಆರ್ಡರ್ ಇರಲಿಲ್ಲ ಎನ್ನುವುದನ್ನು ಅನುಕೂಲಕ್ಕೆ ಮರೆತಿದ್ದೆ. ನಿವೃತ್ತಿ ಹತ್ತಿರವಿತ್ತು. ಪಿಂಚಣಿಗೆ ಕಲ್ಲು ಬಿದ್ದೀತೆಂಬ ಹೆದರಿಕೆ. “ಇನ್ನೇನು ಮುಗೀತಲ್ಲ ರೀ, ಸುಮ್ನಿರಿ” ಎಂದಳು ಹೆಂಡತಿ. ಅವಳ ಮೇಲೆ ಹಾಕುವುದು ಬೇಡ, ಅವಳು ಹೇಳದಿದ್ದರೂ ನಾನು ಸುಮ್ಮನೇ ಇರುತ್ತಿದ್ದೆ.

ಆಪದ್ಬಾಂಧವ ಎಂದಿರಲ್ಲ, ಬಂಧುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಆ ಕೇರಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅಮ್ಮ ಸತ್ತ ಮೇಲೆ ತಲೆಯ ಮೇಲೆ ಇಟ್ಟಿಗೆ ಹೊತ್ತು ನನ್ನನ್ನು ಓದಿಸಿದವಳು. ವರ್ಷವೆಲ್ಲ ಪೇಟೆಯ ನಲ್ಲಿಯಿಂದ ನೀರು ಹೊತ್ತಳು. ಕಳೆದ ತಿಂಗಳು ಏರಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಮಂಚದ ಪಕ್ಕ ನಿಂತು, ವಾಲ್ವು ಮುಚ್ಚಿದ್ದು ನಾನೇ ಎಂದು ಬಾಯಿಬಿಟ್ಟೆ. ಅಕ್ಕ ಬೈಯಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, “ಮುಚ್ಚೋವಾಗ ಯಾರನ್ನೂ ಕೇಳ್ಲಿಲ್ಲ ನೀನು. ತೆಗೆಯೋದಕ್ಕೆ ಮಾತ್ರ ಊರನ್ನೆಲ್ಲ ಕೇಳ್ತೀಯೇನೋ?” ಎಂದಳು. ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ.

ಸಭಿಕರೇ, ಇವತ್ತು ಬೆಳಿಗ್ಗೆ ಐದೂವರೆಗೆ ಆ ವಾಲ್ವನ್ನು ತೆರೆದಿದ್ದೇನೆ. ಪೂರ್ತಿ ಹದಿನೆಂಟು ಸುತ್ತು. ಆರ್ಡರ್ ಇಲ್ಲದೆ. ನಿಮ್ಮಲ್ಲಿ ಕೆಲವರ ಟ್ಯಾಂಕು ಇವತ್ತು ತುಂಬಿರಲಿಕ್ಕಿಲ್ಲ. ತುಂಬದ ಸಿಟ್ಟು ಕೆಟ್ಟ ಪಂಪಿನ ಮೇಲೆ ಇರಲಿ, ಕೇರಿಯವರ ಮೇಲೆ ಬೇಡ.

ಸಾಹೇಬರೇ, ನನಗೆ ಇನ್ನು ಮೂರು ದಿನದ ಕೆಲಸವಿದೆ. ನೋಟಿಸು ಕೊಡುವುದಿದ್ದರೆ ಅಷ್ಟರಲ್ಲಿ ಕೊಡಿ, ಪಿಂಚಣಿ ತಡೆಯುವುದಿದ್ದರೆ ತಡೆಯಿರಿ. ವಾಲ್ವನ್ನು ಮತ್ತೆ ಮುಚ್ಚಬೇಕೆಂದರೆ ಮಾತ್ರ ಈ ಸಲ ಬರೆದುಕೊಡಿ. “ನೂರ ಹನ್ನೆರಡು ಮನೆಗಳ ನೀರು ನಿಲ್ಲಿಸು” ಎಂದು, ಹೆಸರು ಹಾಕಿ, ಸಹಿ ಹಾಕಿ. ಅಂಥ ಕಾಗದಕ್ಕೆ ಸಹಿ ಹಾಕುವವರು ಈ ವೇದಿಕೆಯ ಮೇಲೆ ಯಾರಾದರೂ ಇದ್ದರೆ ಈಗಲೇ ಕೈ ಎತ್ತಲಿ. ನಾನು ಕಾಯುತ್ತೇನೆ.

ಯಾರೂ ಇಲ್ಲವೇ? ಸಭಿಕರೇ, ನೋಡಿದಿರಲ್ಲ? ಇದಕ್ಕೆ ನೀವೆಲ್ಲ ಸಾಕ್ಷಿ.

ಅರವತ್ತಮೂರು ಜಾಯಿಂಟು ಹಾಕಿದ ಕೈಗಳಿಗೆ, ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆ ನನ್ನ ಕೃತಜ್ಞತೆ. ನಮಸ್ಕಾರ.