ತಿಪ್ಪೆಯಿಂದ ಎತ್ತಿದ ಆಲ

ಬೊನ್ಸಾಯ್ ಮಾಡಲು ಎಳೆ ಆಲಕ್ಕೆ ಸುತ್ತಿದ್ದ ತಂತಿಯನ್ನು, ಇನ್ನೂ ಬಗ್ಗಲಿ ಎಂದು ನರ್ಸರಿಯ ಯಜಮಾನ ಎರಡು ವರ್ಷ ತೆಗೆಯಗೊಡಲಿಲ್ಲ. ತಂತಿ ತೊಗಟೆಯೊಳಗೆ ಹೂತುಹೋದಾಗ ಗಿಡವನ್ನು ತಿಪ್ಪೆಗೆಸೆದು, ತಪ್ಪನ್ನು ತೋಟಗಾರ್ತಿಯ ತಲೆಗೆ ಕಟ್ಟಿ ಅವಳನ್ನೂ ಹೊರಹಾಕಿದ.

ಬಸ್ಸಿನ ಸಾಲಿನಲ್ಲಿ ನಿಂತಿದ್ದ ದರ್ಜಿಗೆ ಇದೆಲ್ಲ ತಿಳಿದದ್ದು ಮುಂದಿದ್ದ ಇಬ್ಬರ ಮಾತಿನಿಂದ. ತೋಟಗಾರ್ತಿಯ ಕೈಯಲ್ಲಿ ತಟ್ಟೆಯಂಥ ಕುಂಡ, ಅದರಲ್ಲಿ ಗೇಣುದ್ದದ ಆಲ. ಪಕ್ಕದಲ್ಲಿ ಅದೇ ನರ್ಸರಿಯಲ್ಲಿ ಕೆಲಸ ಕಲಿಯುತ್ತಿದ್ದ, ಅವಳ ತಂಗಿಯ ಮಗಳು.

“ದೊಡ್ಡಮ್ಮಾ, ತಂತಿ ಹೇಗೆ ಬಿಚ್ಚಿದೆ?”

“ಬಿಚ್ಚೋಕೆ ಹೋಗಿದ್ರೆ ಚರ್ಮಾನೇ ಸುಲಿದು ಬರ್ತಿತ್ತು ಕಣೇ. ಚೂರು ಚೂರಾಗಿ ಕತ್ತರಿಸಿ ತೆಗೆದೆ, ಮೂರು ದಿನ.”

“ಬೇರು?”

“ಸಿಂಬಿ ಸುತ್ಕೊಂಡಿತ್ತು. ಮೂರರಲ್ಲೊಂದು ಪಾಲು ಕತ್ತರಿಸಿ ಹೊಸ ಮಣ್ಣಿಗೆ ಹಾಕಿದೆ. ನಲವತ್ತು ದಿನ ಸತ್ತ ಹಾಗೇ ಇತ್ತು. ಈಗ ನೋಡು, ಗಾಯದ ಬಾಯಿಂದಲೇ ಚಿಗುರು!”

ದರ್ಜಿ ಕತ್ತು ಚಾಚಿದ. ತಂತಿ ಕೊರೆದ ಗೆರೆಯಿಂದ ಉಗುರಿನಷ್ಟು ಕೆಂಪೆಲೆ ಹೊರಟಿತ್ತು. ಊರವರ ಹರಕನ್ನೆಲ್ಲ ಹೊಲಿದವನು, ತನ್ನ ಹರಕನ್ನು ತಾನೇ ಹೊಲಿದುಕೊಂಡ ಗಿಡವನ್ನು ಕಂಡದ್ದು ಇದೇ ಮೊದಲು.

“ಯಜಮಾನ್ರು ಕಾಯ್ತಿದ್ದಾರೆ ದೊಡ್ಡಮ್ಮಾ. ತಪ್ಪು ನಂದೇ ಅಂತ ಎಲ್ಲರೆದುರು ಒಂದು ಮಾತು ಹೇಳ್ಬಿಡು, ವಾಪಸ್ ಕೆಲಸ ಕೊಡ್ತಾರಂತೆ. ಹೊಟ್ಟೆಪಾಡಲ್ವಾ? ಬಾ, ಬಸ್ ಬಂತು.”

ತೋಟಗಾರ್ತಿ ಕುಂಡವನ್ನು ಎದೆಗಾನಿಸಿಕೊಂಡು ಸಾಲಿನಿಂದ ಹೊರಗೆ ಕಾಲಿಟ್ಟಳು.

“ನೀನು ಹತ್ತು ಮಗಳೇ. ಕೆಲಸ ಬೇಕು ನಂಗೆ. ಆದ್ರೆ ಆ ಮಾತು ಮಾತ್ರ ಹೇಳಲ್ಲ.”