ಹೊಳೆ ಮಗ್ಗುಲು ಬದಲಿಸಿದ ಮಳೆಗಾಲ

ಈ ಮಧ್ಯಾಹ್ನ ಇಲ್ಲಿ ಸೇರಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂತಿರುವ, ಧನಪಾಲಣ್ಣನ ಮನೆಯವರಾದ ರಾಜಮತಿ ವೈನಿಯವರೇ, ಮನೆಯ ಬಂಧುಗಳೇ, ಶಹಾಪುರದ ನಮ್ಮ ಓಣಿಯವರೇ — ಮತ್ತು ಹೊಳೆಯ ಎರಡೂ ದಂಡೆಯ ಊರವರೇ, ನಿಮಗೆಲ್ಲ ನನ್ನ ನಮಸ್ಕಾರ.

ನಾನು ದಿಲಶಾದ. ಧನಪಾಲ ಚೌಗುಲೆಯವರ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುವವಳು. ನಮ್ಮ ಮನೆಯೊಳಗೆ ಮಾತು ಬೇರೆ, ಓಣಿಯೊಳಗೆ ಬೇರೆ. ಈಗ ನಾನು ಆಡುತ್ತಿರುವ ಈ ಇಸ್ತ್ರಿ ಹಾಕಿದ ಕನ್ನಡವನ್ನು ಕಲಿಸಿದವರು ಧನಪಾಲಣ್ಣನೇ. ನಡುವೆ ಇಸ್ತ್ರಿ ಮುದುಡಿದರೆ ಸಹಿಸಿಕೊಳ್ಳಿ.

ಬಾಗಿಲಲ್ಲಿ ನಿಂತು ನಿಮ್ಮನ್ನೆಲ್ಲ ಒಳಗೆ ಕರೆಯುತ್ತಿದ್ದಾಗ ಒಂದು ತಮಾಷೆ ನೋಡಿದೆ. ಸಾವಿನ ಸಭೆಯಲ್ಲಿ ತಮಾಷೆ ಏನು ಅನ್ನಬೇಡಿ — ಅವರಿದ್ದಿದ್ದರೆ ಅವರೇ ಮೊದಲು ನಗುತ್ತಿದ್ದರು. ನೀವು ನಿಮ್ಮ ಹೆಸರು ಹೇಳಿಕೊಂಡಿರಿ, ಯಾರಿಗೂ ಯಾರ ಗುರುತೂ ಹತ್ತಲಿಲ್ಲ. ಆಮೇಲೆ ಊರು ಹೇಳಿದಿರಿ. ಬೆಳಗಾವಿ, ಖಾನಾಪುರ, ಹಲಸಿ ಅಲ್ಲ. ಆಟದೊಳಗಿನ ಊರು. ಕೂಡಲೇ ಕೈ ಕೈ ಹಿಡಿದುಕೊಂಡಿರಿ. “ನೀವ ಏನ್ರಿ ಕೆಳದಂಡಿ ದೋಣಿಯವರು? ನಮ್ಮ ಮಂದಿನ್ನ ಎಷ್ಟ ಸಲ ದಾಟಿಸೀರಿ” ಅಂತ ಒಬ್ಬರು ಕಣ್ಣೊರೆಸಿಕೊಂಡರು. ಎಂದೂ ಹತ್ತದ ದೋಣಿ, ಎಂದೂ ದಾಟದ ಹೊಳೆ. ಆದರೂ ಆ ಉಪಕಾರ ನೆನಪಿತ್ತು.

ನಿಮ್ಮೆಲ್ಲರ ಮುಖದ ಮೇಲೂ ಒಂದೇ ಪ್ರಶ್ನೆ ಇದೆ. ನನಗೆ ಕಾಣುತ್ತಿದೆ. ಧನಪಾಲಣ್ಣ ಹೋದರು, ಇನ್ನು ಹೊಳೆಯ ಗತಿ ಏನು? ಈ ಪ್ರಶ್ನೆಗೆ ಉತ್ತರ ಹೇಳದೆ ನಾನು ಕೆಳಗಿಳಿಯುವುದಿಲ್ಲ. ಅದು ಅವರ ಪದ್ಧತಿ. ಆದರೆ ಸ್ವಲ್ಪ ತಡೆಯಿರಿ. ಆಟದ ಸಂಗತಿ ಗೊತ್ತಿಲ್ಲದ ನೆಂಟರಿಷ್ಟರೂ ಇಲ್ಲಿದ್ದಾರೆ. ‘ಪ್ರೆಸ್ಸಿನವರು ಲಗ್ನಪತ್ರಿಕೆ ಬಿಟ್ಟು ತಿಂಗಳಿಗೊಮ್ಮೆ ಅದೇನು ಹಾಳೆ ಅಚ್ಚು ಹಾಕುತ್ತಿದ್ದರು’ ಅಂತ ಅವರಿಗೂ ತಿಳಿಯಬೇಕಲ್ಲ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಧನಪಾಲಣ್ಣ ಒಂದು ಹಾಳೆಯ ಮೇಲೆ ಒಂದು ಹೊಳೆ ಬರೆದರು. ಎಲ್ಲಿಯೂ ಇಲ್ಲದ ಹೊಳೆ. ಅದಕ್ಕೆ ಹೆಸರಿಡಲಿಲ್ಲ. ನಾನು ಕೇಳಿದೆ. “ಕನ್ನಡದಾಗ ಇಟ್ಟರ ಅರ್ಧಾ ಮಂದಿ ಸಿಟ್ಟಿಗೇಳ್ತಾರ, ಮರಾಠಿಯೊಳಗ ಇಟ್ಟರ ಇನ್ನರ್ಧಾ ಮಂದಿ. ನೀರಿಗೆ ಹೆಸರ ಯಾಕ ಬೇಕವಾ ತಂಗಿ, ಹರೀಲಿ ಬಿಡು” ಅಂದರು. ಹಾಳೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಆಟಕ್ಕೆ ಬಂದವರು ದಂಡೆಯ ಮೇಲೆ ಒಂದು ಜಾಗ ಹಿಡಿದು ತಮಗೆ ಬೇಕಾದ ಹೆಸರಿನ ಊರು ಕಟ್ಟಬಹುದು. ತಿಂಗಳಿಗೊಂದು ಕಾರ್ಡು ಬರೆಯಬೇಕು — ನಮ್ಮೂರಿನವರು ದೋಣಿ ಕಟ್ಟಿದರು, ನಮ್ಮೂರಿನವರು ಮಾವು ನೆಟ್ಟರು, ಹೀಗೆ. ಎಲ್ಲ ಕಾರ್ಡು ಓದಿ, ಆ ತಿಂಗಳು ಹೊಳೆ ಏನು ಮಾಡಿತು ಅಂತ ಧನಪಾಲಣ್ಣ ಬರೆಯುತ್ತಿದ್ದರು. ಅದೇ ಆಟ. ಗೆಲುವಿಲ್ಲ, ಸೋಲಿಲ್ಲ. ಖಾನಾಪುರದ ದವಾಖಾನೆಯ ನರ್ಸ್ ಬಾಯಿ ಆಡಿದರು, ನಂದಗಡದ ದರ್ಜಿ ಆಡಿದರು. ಬಸ್ ಕಂಡಕ್ಟರ್ ಒಬ್ಬರು ಬರೆದಿದ್ದರು — ಮಲಪ್ರಭೆಯ ಸೇತುವೆ ದಾಟುವಾಗ ಟಿಕೆಟ್ ಹರಿಯುವುದು ಮರೆತು ಕೆಳಗೆ ನೋಡುತ್ತೇನೆ, ನಮ್ಮ ಆಟದ ದೋಣಿ ಕಾಣುತ್ತದೇನೋ ಅಂತ.

ಧನಪಾಲಣ್ಣ ಆ ಕಾರ್ಡನ್ನು ನನಗೆ ಓದಿ ಹೇಳಿದರು. ಆಮೇಲೆ ಹಾಳೆಯಲ್ಲಿ ಉತ್ತರ ಬರೆದರು — ದೋಣಿಯವನು ನಿಮ್ಮ ಬಸ್ಸನ್ನು ನೋಡಿದನಂತೆ, ಕೈ ಬೀಸಿದನಂತೆ.

ಉತ್ತರ. ಅದನ್ನೇ ನಾನು ಹೇಳಬೇಕಾಗಿರುವುದು. ಯಾವ ಕಾರ್ಡಿಗೂ ಅವರು ಉತ್ತರ ಕೊಡದೆ ಇರಲಿಲ್ಲ. ಹೊಗಳಿದವರಿಗೆ ಒಂದು ಸಾಲು, ಬೈದವರಿಗೆ ನಾಲ್ಕು ಸಾಲು. ಬೈಗುಳಕ್ಕೆ ಇಷ್ಟು ಜಾಗ ಕೊಟ್ಟರೆ ನನ್ನ ಮೊಳೆಗಳು ಸವೆಯುತ್ತವೆ ಅಂತ ನಾನು ಗೊಣಗುತ್ತಿದ್ದೆ. ಆಟದ ಒಂದು ನಿಯಮ ಬದಲಿಸಬೇಕಾದರೂ ತಿಂಗಳು ಮೊದಲೇ ತಿಳಿಸುತ್ತಿದ್ದರು. ಯಾಕೆ ಬದಲಿಸುತ್ತೇನೆ ಅಂತ ಕಾರಣ ಹೇಳುತ್ತಿದ್ದರು, ನಿಮಗೆ ಒಪ್ಪಿಗೆಯೇ ಅಂತ ಕೇಳುತ್ತಿದ್ದರು. “ಹಾಳಿ ನಂದು, ಹೊಳಿ ಅವರದು” ಅನ್ನುತ್ತಿದ್ದರು.

ಈಗ ಎಪ್ಪತ್ತೊಂಬತ್ತರ ಮಳೆಗಾಲಕ್ಕೆ ಬರುತ್ತೇನೆ. ನಿಮ್ಮಲ್ಲಿ ಅರ್ಧ ಜನ ಈಗಾಗಲೇ ನಗುತ್ತಿದ್ದೀರಿ. ನಗಿರಿ.

ಆ ವರ್ಷ ನೀವೆಲ್ಲ ಸೇರಿ ಹೊಳೆಗೆ ಒಂದು ಒಡ್ಡು ಹಾಕಿದಿರಿ. ನೀರು ಬಲದಂಡೆಯ ಬಂಜರಿನಲ್ಲಿ ನಿಲ್ಲಲಿ, ಅಲ್ಲಿ ಯಾರ ಊರೂ ಇಲ್ಲ ಅಂತ ತೀರ್ಮಾನಿಸಿದಿರಿ. ಅದಕ್ಕೆ ಹೊಸ ನಕಾಶೆ ಬೇಕಾಯಿತು. ಕಟ್ಟಿಗೆಯ ಅಚ್ಚು ಕೆತ್ತಲು ನಮ್ಮ ಮದಾರಸಾಬ ಚಾಚಾ ಅವರಿಗೆ ಕೊಟ್ಟೆವು. ಅಲ್ಲಿ ಕಂಬದ ಹತ್ತಿರ ಕೂತಿದ್ದಾರೆ. ಚಾಚಾ, ತಲೆ ತಗ್ಗಿಸಬೇಡಿ. ಅವರು ಹುಟ್ಟಿದಾಗಿನಿಂದ ಬಟ್ಟೆಯ ಮೇಲೆ ಛಾಪಾ ಹಾಕುವ ಅಚ್ಚು ಕೆತ್ತಿದವರು. ಹೂವು, ಬಳ್ಳಿ, ಮಾವಿನಕಾಯಿ. ಹೂವನ್ನು ಎಡದಿಂದ ನೋಡಿದರೂ ಹೂವು, ಬಲದಿಂದ ನೋಡಿದರೂ ಹೂವು. ಹೊಳೆ ಹಾಗಲ್ಲ. ಕಾಗದದ ಮೇಲೆ ಸರಿಯಾಗಿ ಬರಬೇಕಾದರೆ ಕಟ್ಟಿಗೆಯಲ್ಲಿ ಉಲ್ಟಾ ಕೆತ್ತಬೇಕು. ಚಾಚಾ ಹೊಳೆಯನ್ನು ಕಂಡ ಹಾಗೇ ಕೆತ್ತಿದರು, ಬಹಳ ಚೆಂದ ಕೆತ್ತಿದರು. ಅದು ಕಾಗದದ ಮೇಲೆ ಎಡಬಲ ಆಗಿ ಬಂತು. ಊರಿನ ಹೆಸರುಗಳನ್ನು ಬೇರೆಯಾಗಿ ಮೊಳೆಯಲ್ಲಿ ಜೋಡಿಸಿ ಅದರ ಮೇಲೆ ಅಚ್ಚು ಹಾಕುತ್ತಿದ್ದೆವಲ್ಲ, ಹೆಸರುಗಳು ಇದ್ದಲ್ಲೇ ಇದ್ದವು. ಕೆಳಗಿನ ಹೊಳೆ ಮಾತ್ರ ತಿರುಗಿಬಿಟ್ಟಿತ್ತು. ಹೊಳೆ ಎತ್ತ ತಿರುಗಿದರೂ ಹೊಳೆಯ ಹಾಗೇ ಕಾಣುತ್ತದೆ ನೋಡಿ, ಪ್ರೆಸ್ಸಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹಾಳೆ ಟಪಾಲಿಗೆ ಹೋಯಿತು.

ಆಮೇಲೆ ಕಾರ್ಡುಗಳು ಬಂದವು. ನಮ್ಮ ದೋಣಿ ಹೊಲದಲ್ಲಿ ನಿಂತಿದೆ, ಎತ್ತು ಕಟ್ಟಿ ಎಳೆಯೋಣವೇ ಅಂತ ಒಬ್ಬರು. ನಮ್ಮೂರಿನ ಬಾವಿ ಹೊಳೆಯ ನಡುವೆ ಬಂದಿದೆ, ಹಗ್ಗದ ಖರ್ಚು ಉಳಿಯಿತು ಅಂತ ಒಬ್ಬರು. ನಾವೂ ನಕ್ಕೆವು. ಧನಪಾಲಣ್ಣ ಮಾತ್ರ ಕಾರ್ಡುಗಳನ್ನು ತಿರುವಿ ಹಾಕುತ್ತಲೇ ಇದ್ದರು. “ಬೀಡಿ ಊರಿಂದ ತಮ್ಮಣ್ಣನವರದು ಬಂದಿಲ್ಲಲ್ಲ” ಅಂದರು.

ಬೀಡಿಯ ತಮ್ಮಣ್ಣನವರ ಆಟದ ಊರಿನ ಹೆಸರು ಅತ್ತಿಮಡು. ಎಡದಂಡೆಯಲ್ಲಿ, ಹೊಳೆ ಬಾಗುವ ಕಡೆ. ಆ ಹಾಳೆಯಲ್ಲಿ ಒಡ್ಡಿನ ನೀರೆಲ್ಲ ಎಡಕ್ಕೆ ಬಂದು ಅತ್ತಿಮಡು ಅನ್ನುವ ಅಕ್ಷರಗಳ ಮೇಲೆ ನಿಂತಿತ್ತು.

ಮಷಿನ್ ನಡೆಸುವ ಈರಣ್ಣ ಒಂದು ಉಪಾಯ ಹೇಳಿದ. “ಅಣ್ಣಾರ, ಮಳಿಗಾಲ ಐತಿ. ಹೊಳಿಗಿ ಮಹಾಪೂರ ಬಂತು, ದಿಕ್ಕ ಬದಲಿಸ್ತು ಅಂತ ಬರ್ದಬಿಡ್ರಿ. ಆಟದಾಗ ಆಗೂದ ಅದು. ಯಾರಿಗಿ ಗೊತ್ತಾಗ್ತೈತಿ?” ಖರೇ ಹೇಳುತ್ತೇನೆ, ನನಗೂ ಅದು ಸರಿ ಅನಿಸಿತು. ಧನಪಾಲಣ್ಣ ಕನ್ನಡಕ ತೆಗೆದು ಹೀಗೆ ಮೇಜಿನ ಮೇಲಿಟ್ಟರು — “ಈರಣ್ಣಾ, ಆಟದ ಒಳಗ ಏನ ಬೇಕಾದ್ರೂ ಆಗಲಿ. ಆಟದ ಬಗ್ಗೆ ಸುಳ್ಳ ಹೇಳಬಾರದು. ಬೈದವರು ಇನ್ನೂ ನಮ್ಮ ಕೂಡ ಅದಾರ. ಸುಮ್ಮಾದವ್ರು ಎದ್ದ ಹೋಗ್ಯಾರ. ಅವರನ್ನ ಹುಡಕ್ಕೊಂಡ ಹೋಗಬೇಕು.”

ಹೋದೆವು. ಬಸ್ಸಿನಲ್ಲಿ ಖಾನಾಪುರ, ಅಲ್ಲಿಂದ ಇನ್ನೊಂದು ಬಸ್ಸು. ಧನಪಾಲಣ್ಣ, ನಾನು, ಕೈಚೀಲದಲ್ಲಿ ಅಚ್ಚು ಹಿಡಿದುಕೊಂಡ ಮದಾರಸಾಬ ಚಾಚಾ. ಸೋನೆ ಮಳೆ. ಕಿಟಕಿಯ ಹೊರಗೆ ಭತ್ತದ ಗದ್ದೆಗಳು ನೀರು ತುಂಬಿ ಆಕಾಶದ ಬಣ್ಣಕ್ಕೆ ತಿರುಗಿದ್ದವು. ಯಾವುದು ನೆಲ, ಯಾವುದು ಮೋಡ ಅಂತ ತಿಳಿಯುತ್ತಿರಲಿಲ್ಲ. ನಾವು ಕಾಗದದೊಳಗೇ ಇಳಿದು ಹೋಗುತ್ತಿದ್ದೇವೆ ಅಂತ ನನಗೆ ಒಂದು ಕ್ಷಣ ಅನಿಸಿತು. ಪಕ್ಕದಲ್ಲಿ ಧನಪಾಲಣ್ಣ ಅರೆಗಣ್ಣು ಮುಚ್ಚಿಕೊಂಡಿದ್ದರು. ಅವರಿಗೂ ಹಾಗೇ ಅನಿಸಿರಬೇಕು.

ತಮ್ಮಣ್ಣನವರು ಕಟ್ಟೆಯ ಮೇಲೆ ಕೂತಿದ್ದರು. ನಾವು ಯಾರೆಂದು ಹೇಳಿದೆವು. “ಬರ್ರಿ, ಕುಂದರ್ರಿ” ಅಂದರು. ಅವರ ಮನೆಯವರು ಪದ್ಮವ್ವನವರು ಚಹಾ ತಂದಿಟ್ಟು, ಒಳಗಿನ ಗೋಡೆಯ ಕಡೆ ಕಣ್ಣು ತೋರಿಸಿದರು. ಅಲ್ಲಿ ನಮ್ಮ ಹಾಳೆಯ ನಕಾಶೆಗಳನ್ನೆಲ್ಲ ಸಾಲಾಗಿ ಅಂಟಿಸಿದ್ದರು. ಕಡೆಯದನ್ನು ಮಾತ್ರ ಅಂಟಿಸಿರಲಿಲ್ಲ.

ಧನಪಾಲಣ್ಣ ಸುತ್ತುಬಳಸಲಿಲ್ಲ. “ತಮ್ಮಣ್ಣಾರ, ತಪ್ಪ ನಮ್ಮದೈತಿ. ನಿಮ್ಮೂರಿಗಿ ನೀರ ಬಂದಿಲ್ಲ. ಅಚ್ಚು ಉಲ್ಟಾ ಆಗಿ ಬಂದೈತಿ” ಅಂದರು.

ತಮ್ಮಣ್ಣನವರು ಆಗ ಹೇಳಿದ್ದನ್ನು ಅವರ ಎದುರೇ ಹೇಳುತ್ತೇನೆ, ಅವರ ಒಪ್ಪಿಗೆ ಕೇಳಿದ್ದೇನೆ. “ಅತ್ತಿಮಡು ಅಂದ್ರ ಖರೇ ಊರ್ರಿ. ನಮ್ಮಪ್ಪಾರ ಊರು. ಆಣೆಕಟ್ಟಿನ ನೀರಾಗ ಹೋತು. ನೀರ ಬರ್ತೈತಿ ಅಂತ ಯಾರೂ ಬಂದ ಹೇಳ್ಲಿಲ್ಲ. ಚಾವಡಿ ಗ್ವಾಡಿಗಿ ಒಂದ ಕಾಗದ ಹಚ್ಚಿದ್ರು. ಓದಾಕ ಬರೋರು ಓದಿದ್ರು. ನಾವು ಹೊಲದಾಗ ಇದ್ವಿ. ಕಾಲಿಗಿ ನೀರ ತಾಕಿದ ಮ್ಯಾಲೆ ತಿಳೀತು. ನಿಮ್ಮ ಹೊಳಿ ದಂಡಿಗಿ ಅದನ್ನ ಮತ್ತ ಕಟ್ಟಿದ್ನಿ. ಈ ಸಲಾನೂ ಕಾಗದದಾಗ ನೋಡಿ ತಿಳಕೊಂಡ್ನಿ.”

ಮದಾರಸಾಬ ಚಾಚಾ ಚೀಲದಿಂದ ಅಚ್ಚು ತೆಗೆದು ತಮ್ಮಣ್ಣನವರ ತೊಡೆಯ ಮೇಲಿಟ್ಟರು. ಕಟ್ಟಿಗೆಯಲ್ಲಿ ಹೊಳೆ ಸರಿಯಾಗಿಯೇ ಇತ್ತಲ್ಲ. ತಮ್ಮಣ್ಣನವರು ಹೀಗೆ — ಬೆರಳಿನಿಂದ ಹೊಳೆಯ ಗುಂಟ ಮೆಲ್ಲಗೆ ಬಂದರು. ಬಾಗು ಬಂದಲ್ಲಿ ನಿಲ್ಲಿಸಿದರು. ಅಲ್ಲೇ ಸವರಿದರು. “ಇಲ್ಲೆ ಒಣಾ ಐತಿ” ಅಂದರು. ಚಾಚಾ, “ಹೌದ್ರಿ, ಒಣಾ ಐತಿ” ಅಂದರು. ಇಬ್ಬರು ಹಿರಿಯರು ಒಂದು ಕಟ್ಟಿಗೆಯ ತುಂಡಿನ ಮೇಲೆ ಬಗ್ಗಿ ಕೂತಿದ್ದರು. ನನಗೆ ಅಳು ತಡೆಯಲಿಲ್ಲ.

“ಈಗ ಏನ ಮಾಡೂಣು? ನೀವ ಹೇಳ್ರಿ. ಹೊಸಾ ನಕಾಶಿ ಹಾಕೂಣೇನು?” ಅಂತ ಧನಪಾಲಣ್ಣ ಕೇಳಿದರು.

ತಮ್ಮಣ್ಣನವರು ಅಚ್ಚನ್ನು ಚಾಚಾ ಅವರ ಕೈಗೆ ಮರಳಿ ಕೊಟ್ಟರು. “ಬ್ಯಾಡ್ರಿ. ಹಂಗ ಇರ್ಲಿ” ಅಂದರು. “ಹೊಳಿ ನಿದ್ದ್ಯಾಗ ಮಗ್ಗಲಾ ಬದಲಿಸೇತಿ ಅನ್ನೂಣು. ಹೊಳಿ ಅಂದ ಮ್ಯಾಲೆ ಮಗ್ಗಲಾ ಬದಲಿಸ್ತೈತಿ. ಆದ್ರ ನಕಾಶ್ಯಾಗಿನ ನೀರ ಇನ್ನೂ ಬಂದಿಲ್ಲ ಅನ್ನೂಣು, ಈಗ ಬಿಡಬ್ಯಾಡ್ರಿ. ಮೊದಲ ನಮ್ಮ ಮಂದಿಗಿ ಹೇಳ್ರಿ. ಮನಿ ಮನಿಗಿ ಹೋಗಿ ಎಬ್ಬಿಸಿ ಹೇಳ್ರಿ. ಸಾಮಾನ ಕಟ್ಟಾಕ ವ್ಯಾಳ್ಯಾ ಕೊಡ್ರಿ. ಎಲ್ಲಾರೂ ಹೊಂಟ ಮ್ಯಾಲೆ ನಾನ ಹೇಳ್ತೀನಿ.”

ಮುಂದಿನ ಹಾಳೆಯಲ್ಲಿ ತಪ್ಪನ್ನು ತಪ್ಪು ಅಂತಲೇ ಅಚ್ಚು ಹಾಕಿದೆವು, ಎರಡೂ ಭಾಷೆಯಲ್ಲಿ, ದಪ್ಪಕ್ಷರದಲ್ಲಿ. ಚಾಚಾ ಅವರ ಹೆಸರು ಹಾಕಲಿಲ್ಲ, ಪ್ರೆಸ್ಸಿನ ತಪ್ಪು ಅಂತಲೇ ಬರೆದೆವು. ತಮ್ಮಣ್ಣನವರ ಮಾತನ್ನು ಕೆಳಗೆ ಹಾಕಿ, ನೀವೇನು ಮಾಡುತ್ತೀರಿ ಅಂತ ನಿಮ್ಮನ್ನು ಕೇಳಿದೆವು. ಆಮೇಲೆ ನೀವು ಮಾಡಿದ್ದು — ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಒಂದೂರು ಬಂಡಿ ಕಳಿಸಿತು. ಒಂದೂರು ಗುಡಿಯ ಗಂಟೆ ಹೊತ್ತೊಯ್ಯಲು ಆಳು ಕಳಿಸಿತು. ನರ್ಸ್ ಬಾಯಿಯ ಊರಿನವರು ಬಾಣಂತಿಯರನ್ನು ದಾಟಿಸಿದರು. ಅತ್ತಿಯ ಗಿಡದ ಟೊಂಗೆ ತಂದು ನಮ್ಮಲ್ಲಿ ನೆಟ್ಟಿದ್ದೇವೆ, ಅತ್ತಿಮಡಿನ ಮಂದಿ ಇಲ್ಲೇ ಮನೆ ಕಟ್ಟಲಿ ಅಂತ ಹಲಸಿಯಿಂದ ಕಾರ್ಡು ಬಂತು. ತಿಂಗಳ ಮೇಲೆ ತಿಂಗಳು ಹೋಯಿತು. ಚಳಿಗಾಲ ಬಂತು. ಒಡ್ಡಿನ ಅಂಚಿನಲ್ಲಿ ನೀರು ಹಾಗೇ ನಿಂತಿತ್ತು. ಹೊಳೆ ಕಾಯಿತು.

ಕಡೆಗೊಂದು ದಿನ ಬೀಡಿಯಿಂದ ಕಾರ್ಡು. ಅದರಲ್ಲಿ ಎರಡೇ ಪದ. “ನೀರು ಬಿಡ್ರಿ.”

ಆ ಎರಡು ಪದದ ಮೊಳೆ ಜೋಡಿಸುವಾಗ ಧನಪಾಲಣ್ಣ ಹಿಂದೆ ನಿಂತು ನೋಡುತ್ತಿದ್ದರು.

ಕಳೆದ ವಾರ ಮಧ್ಯಾಹ್ನ ಅವರು ಊಟ ಮಾಡಿ ಒರಗಿದರು. ನಿದ್ದೆಯಲ್ಲಿ ಒಮ್ಮೆ ಮಗ್ಗುಲು ಬದಲಿಸಿದ್ದನ್ನು ವೈನಿ ನೋಡಿದ್ದಾರೆ. ಆಮೇಲೆ ಅವರು ಏಳಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ವೈನಿ, ಈರಣ್ಣ, ಚಾಚಾ, ನಾನು ಕೂತು ಮಾತಾಡಿದ್ದೇವೆ. ಪ್ರೆಸ್ಸು ನಡೆಯುತ್ತದೆ, ಆಟ ನಡೆಯುವುದಿಲ್ಲ. ಹೊಳೆಯನ್ನು ಅವರ ಹಾಗೆ ಕೇಳಿಸಿಕೊಳ್ಳುವ ಕಿವಿ ನಮ್ಮಲ್ಲಿ ಯಾರಿಗೂ ಇಲ್ಲ. ಇದ್ದಂತೆ ನಟಿಸಿದರೆ ಅದು ಆಟದ ಬಗ್ಗೆ ಹೇಳಿದ ಸುಳ್ಳಾಗುತ್ತದೆ. ನನಗೆ ದುಃಖವಾಗಿದೆ, ನಿಮಗೂ ಆಗುತ್ತದೆ. ಇದನ್ನು ಹಾಳೆಯಲ್ಲಿ ಅಚ್ಚು ಹಾಕಿ ಕಳಿಸಬಹುದಿತ್ತು. ಗೋಡೆಗೆ ಕಾಗದ ಅಂಟಿಸಿದ ಹಾಗಾಗುತ್ತಿತ್ತು. ಅದಕ್ಕೇ ನಿಮ್ಮ ಮುಖ ನೋಡಿ ಹೇಳುತ್ತಿದ್ದೇನೆ.

ಆದರೆ ಅವಸರವಿಲ್ಲ. ಎಲ್ಲರೂ ಹೊರಡುವವರೆಗೂ ಹಾಳೆ ಬರುತ್ತದೆ. ನಿಮ್ಮ ನಿಮ್ಮ ಊರಿನವರಿಗೆ ಹೇಳಿ. ಸಾಮಾನು ಕಟ್ಟಿಕೊಳ್ಳಿ. ಯಾರು ಎಲ್ಲಿಗೆ ಹೊರಟಿರಿ ಅಂತ ಕಾರ್ಡು ಬರೆಯಿರಿ, ಕಡೆಯ ಮನೆ ಖಾಲಿಯಾಗುವವರೆಗೂ ಪ್ರತಿಯೊಂದು ಕಾರ್ಡಿಗೂ ನಾನು ಉತ್ತರ ಕೊಡುತ್ತೇನೆ. ಇದು ವೈನಿಯವರ ಮಾತು, ನನ್ನ ಮಾತು ಕೂಡ.

ಇನ್ನು ನನ್ನದೊಂದು ವಿನಂತಿ. ಈ ಕಡೆ ಹೆಣ್ಣುಮಕ್ಕಳು ಕೂತಿದ್ದೀರಿ, ಆ ಕಡೆ ಗಂಡಸರು. ನಡುವೆ ದಾರಿ ಇದೆ, ಅವರ ಫೋಟೋದಿಂದ ಬಾಗಿಲಿನವರೆಗೆ. ದಯವಿಟ್ಟು ಎಲ್ಲರೂ ಎದ್ದು, ಆ ದಾರಿಯ ಕಡೆ ಮುಖ ಮಾಡಿ ನಿಲ್ಲಿ. ನೀವು ಎರಡು ದಂಡೆ. ಯಾವ ದಂಡೆ ಎಡ, ಯಾವುದು ಬಲ ಅಂತ ಇವತ್ತು ಯಾರೂ ಕೇಳಬೇಡಿ.

ಯಾರಿಗೂ ಉತ್ತರ ಕೊಡದೆ ಸುಮ್ಮನಿರದಿದ್ದ ಮನುಷ್ಯನಿಗಾಗಿ ಈಗ ನಾವು ಸುಮ್ಮನಿರೋಣ. ಮೌನ ಮುಗಿಯಿತು ಅಂತ ನಾನು ಹೇಳುವುದಿಲ್ಲ. ತಮ್ಮಣ್ಣಾರ, ಅದನ್ನ ನೀವ ಹೇಳಬೇಕ್ರಿ. ಯಾವ ಎರಡ ಪದ ಹೇಳಬೇಕು ಅಂತ ನಿಮಗೆ ಗೊತ್ತೈತಿ. ನಿಮ್ಮ ಮನಸ್ಸಿಗಿ ಬಂದಾಗ ಹೇಳ್ರಿ —

ಅಲ್ಲಿವರೆಗೆ ಹೊಳೆ ಕಾಯುತ್ತದೆ.